ನಾಲ್ಕು ಸೆಂಟಿಮೀಟರ್ ದಿಣ್ಣೆ

ಬಾಗಿಲು ಬದಲಾಗಿರಲಿಲ್ಲ. ಸಿಂಚನ ಅದನ್ನು ಎರಡು ಸಲ ಅಳೆದಳು. ದರ್ಜಿ ಟೇಪಿನ ಒಂದು ತುದಿಯನ್ನು ತಮ್ಮ ಅಭಿಲಾಷ್ ಬಾಗಿಲಿನ ಕೀಲಿನ ಹತ್ತಿರ ಒತ್ತಿ ಹಿಡಿದಿದ್ದ. ಇನ್ನೊಂದು ತುದಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅವಳ ಕೈಯಲ್ಲಿತ್ತು. ನೂರ ಮೂವತ್ತೆರಡು ಸೆಂಟಿಮೀಟರ್. ಹೋದ ವರ್ಷ ಇದೇ ಶೋರೂಮಿನಲ್ಲಿ ಹಳೆಯ ಮಾದರಿಯನ್ನು ಅಳೆದಾಗಲೂ ಅಷ್ಟೇ ಇತ್ತು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಳು.

"ನಾನ್ ಹೇಳ್ಲಿಲ್ವಾ ಮೇಡಂ?" ಅಂದ ಶೋರೂಮಿನ ನಿಶಾಂತ್. "ಫೇಸ್‌ಲಿಫ್ಟ್ ಅಂದ್ರೆ ಬರೀ ಮೇಕಪ್ಪು. ಬಂಪರ್ ಹೊಸದು, ಲೈಟ್ ಹೊಸದು, ಒಳಗಡೆ ದೊಡ್ಡ ಸ್ಕ್ರೀನು. ಬಾಡಿ ಮುಟ್ಟೋದೇ ಇಲ್ಲ."

ಅವನು ಹೇಳಿದ್ದರಲ್ಲಿ ಹೆಚ್ಚಿನದು ನಿಜವೇ ಆಗಿತ್ತು. ಒಂದು ಮಾದರಿಯ ಕಾರು ಆರೇಳು ವರ್ಷ ಮಾರಾಟವಾಗುತ್ತದೆ. ನಡುವೆ ಜನಕ್ಕೆ ಬೇಸರ ಬರದಿರಲೆಂದು ಕಂಪನಿ ಒಮ್ಮೆ ಅದರ ಮುಖ ತಿದ್ದುತ್ತದೆ. ಬಾಗಿಲು, ಚಾವಣಿಗಳನ್ನು ಒತ್ತುವ ಅಚ್ಚುಗಳನ್ನು ಬದಲಿಸುವುದು ದುಬಾರಿಯಾದ್ದರಿಂದ ಅವುಗಳ ತಂಟೆಗೆ ಹೋಗುವುದಿಲ್ಲ. ಸಿಂಚನ ಬುಕ್ ಮಾಡಿದ್ದು ಹಳೆಯ ಮುಖದ ಕಾರನ್ನು. ಅದು ಕೈಗೆ ಬರುವ ಮೊದಲೇ ಕಂಪನಿ ಅದನ್ನು ನಿಲ್ಲಿಸಿ, ಅವಳ ಬುಕಿಂಗನ್ನು ಹೊಸ ಮುಖದ ಕಾರಿಗೆ ವರ್ಗಾಯಿಸಿತ್ತು.

ಎರಡೇ ಬಾಗಿಲಿನ, ನೆಲಕ್ಕೆ ಹತ್ತಿದಂತಿರುವ, ಹುಡುಗರು ರಿಂಗ್ ರಸ್ತೆಯಲ್ಲಿ ಓಡಿಸಲು ಆಸೆಪಡುವ ಈ ಕೂಪೆ ಅವಳಿಗೆ ಯಾಕೆ ಬೇಕಿತ್ತೆಂಬುದು ಹಿನಕಲ್ಲಿನ ಅವರ ಬೀದಿಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ. ಕಾರಣ ಬಾಗಿಲಿನ ಉದ್ದ. ನಾಲ್ಕು ಬಾಗಿಲಿನ ಕಾರಿನಲ್ಲಿ ಮುಂದಿನ ಬಾಗಿಲು ಸೀಟಿನ ಬೆನ್ನಿಗೇ ಮುಗಿದುಹೋಗುತ್ತದೆ. ಎರಡು ಬಾಗಿಲಿನದರಲ್ಲಿ ಅದು ಸೀಟನ್ನು ದಾಟಿ ಹಿಂದಕ್ಕೂ ಚಾಚಿಕೊಳ್ಳುತ್ತದೆ. ಗಾಲಿಕುರ್ಚಿಯಿಂದ ಚಾಲಕನ ಸೀಟಿಗೆ ಜರುಗಿ, ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕುರ್ಚಿಯನ್ನು ಮಡಚಿ, ಆ ಸಂದಿಯಿಂದ ಬೆನ್ನ ಹಿಂದಕ್ಕೆ ಎಳೆದುಹಾಕಿಕೊಳ್ಳಬಹುದು. ಇನ್ನೊಬ್ಬರ ಕೈ ಬೇಕಿಲ್ಲ. ಎಂಟು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಸೊಂಟದ ಕೆಳಗಿನ ಶಕ್ತಿ ಕಳೆದುಕೊಂಡ ಮೇಲೆ ಸಿಂಚನ ಇನ್ನೊಬ್ಬರ ಕೈ ಬೇಕಿಲ್ಲದ ಕೆಲಸಗಳ ಒಂದು ಪಟ್ಟಿ ಇಟ್ಟಿದ್ದಳು. ಕಾರು ಹತ್ತುವುದೊಂದು ಇನ್ನೂ ಆ ಪಟ್ಟಿಗೆ ಸೇರಿರಲಿಲ್ಲ.

ಓಡಿಸಲು ಬರುತ್ತಿತ್ತು. ಸರಸ್ವತಿಪುರಂನ ಮಾಧವ ಎಂಬ ನಿವೃತ್ತ ಮೇಷ್ಟ್ರು ತಮ್ಮ ಹಳೆಯ ಕಾರಿಗೆ ಕೈಯಿಂದಲೇ ಬ್ರೇಕು, ಆಕ್ಸಲರೇಟರ್ ಒತ್ತುವ ಸಲಕರಣೆ ಹಾಕಿಸಿಕೊಂಡಿದ್ದರು. ಅದರಲ್ಲೇ ಕಲಿತು ಲೈಸೆನ್ಸೂ ತೆಗೆದುಕೊಂಡಿದ್ದಳು. ಆದರೆ ಆ ಕಾರಿಗೆ ಪ್ರತಿ ಸಲ ಅವಳನ್ನು ಎತ್ತಿ ಕೂರಿಸಿದ್ದು ಅಭಿಲಾಷ್.

ಈಗ ಒಂದು ಕೆಲಸ ಬಂದಿತ್ತು. ಸಿಂಚನ ಶ್ರವಣ ತಜ್ಞೆ. ಹುಟ್ಟಿದ ಮಕ್ಕಳಿಗೆ ಕಿವಿ ಕೇಳಿಸುತ್ತದೆಯೇ ಎಂದು ಮೂರು ತಾಲ್ಲೂಕು ಆಸ್ಪತ್ರೆಗಳಿಗೆ ಹೋಗಿ ಪರೀಕ್ಷಿಸುವ ಯೋಜನೆಯೊಂದಕ್ಕೆ ಅವಳನ್ನು ಆರಿಸಿದ್ದರು. ಪತ್ರದ ನಾಲ್ಕನೆಯ ಸಾಲು ಹೀಗಿತ್ತು: ಓಡಾಟದ ವ್ಯವಸ್ಥೆ ಅಭ್ಯರ್ಥಿಯದೇ. ಒಪ್ಪಿಗೆಯನ್ನು ಸೋಮವಾರ ಸಂಜೆ ಐದರೊಳಗೆ ಬರೆದು ತಿಳಿಸಬೇಕಿತ್ತು. ಸೇರುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲಿ ಕಾರಿಗೆ ಸಲಕರಣೆ ಜೋಡಿಸಿ, ಆರ್‌ಟಿಓ ದಾಖಲೆಗೆ ಸೇರಿಸಿಬಿಡಬಹುದು. ಅಭಿಲಾಷನಿಗೆ ಕೂರ್ಗಳ್ಳಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವನನ್ನು ನಂಬಿ ಮೂರು ತಾಲ್ಲೂಕು ಸುತ್ತುತ್ತೇನೆಂದು ಬರೆಯುವಂತಿರಲಿಲ್ಲ. ಒಬ್ಬಳೇ ಹತ್ತಿ ಒಬ್ಬಳೇ ಇಳಿಯುವಂತಿದ್ದರೆ ಮಾತ್ರ ಒಪ್ಪಿಗೆ.

ಇವತ್ತು ಶನಿವಾರ.

"ಸರಿ, ಹತ್ತಿ ನೋಡ್ತೀನಿ," ಅಂದಳು ಸಿಂಚನ.

ಕುರ್ಚಿಯನ್ನು ಸೀಟಿಗೆ ಓರೆಯಾಗಿ ತಂದು ಬ್ರೇಕ್ ಹಾಕಿದಳು. ಒಂದು ಕೈ ಸೀಟಿನ ಮೇಲೆ, ಒಂದು ಕೈ ಕುರ್ಚಿಯ ಚೌಕಟ್ಟಿನ ಮೇಲೆ. ತೋಳು ಬಿಗಿದು ಮೈಯನ್ನು ಮೇಲೆತ್ತಿ ಎಡಕ್ಕೆ ತೂಗಿದಳು. ಹಳೆಯ ಮಾದರಿಯಲ್ಲಿ ಇಷ್ಟು ಸಾಕಾಗಿತ್ತು. ಇಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಳು. ಸೀಟಿನ ಅಂಚಿನಲ್ಲಿ ಒಂದು ದಿಣ್ಣೆ ಎದ್ದಿತ್ತು. ತಿರುವಿನಲ್ಲಿ ಚಾಲಕ ಪಕ್ಕಕ್ಕೆ ವಾಲದಂತೆ ತಡೆಯುವ ಉಬ್ಬು ಅದು. ಅದರ ಮೇಲಿನ ಮಖಮಲ್ಲಿನಂಥ ಬಟ್ಟೆ ಪ್ಯಾಂಟನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಇನ್ನೊಮ್ಮೆ ತಳ್ಳಿದಳು. ಮೂರನೆಯ ಸಲವೂ ಆಗಲಿಲ್ಲ. ಅಭಿಲಾಷ್ ಬಂದು ಕಂಕುಳಿಗೆ ಕೈಕೊಟ್ಟು ಎತ್ತಿ ಕುರ್ಚಿಗೆ ಮರಳಿಸಿದ.

ಅವಳು ದಿಣ್ಣೆಯ ಎತ್ತರ ಅಳೆದಳು. ಹಳೆಯದಕ್ಕಿಂತ ನಾಲ್ಕು ಸೆಂಟಿಮೀಟರ್ ಜಾಸ್ತಿ.

"ಇದೂ ಮೇಕಪ್ಪಾ ನಿಶಾಂತ್?"

ನಿಶಾಂತ್ ಕೈಲಿದ್ದ ಪುಸ್ತಿಕೆ ತಿರುವಿದ. "ಸ್ಪೋರ್ಟ್ಸ್ ಸೀಟು ಮೇಡಂ. ಹೊಸ ಮಾಡೆಲ್‌ಗೆ ಎಲ್ಲಾ ವೇರಿಯಂಟ್‌ಗೂ ಇದೇ." ಆಮೇಲೆ ತಗ್ಗಿದ ದನಿಯಲ್ಲಿ, "ಇದು ನನಗೆ ಹೊಳೀಲೇ ಇಲ್ಲ. ಸಾರಿ," ಅಂದ.

ಅವನ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭವಿತ್ತು. ಅವಳಿಗೆ ಅಷ್ಟು ಶಕ್ತಿಯೂ ಉಳಿದಿರಲಿಲ್ಲ.

*

ಸಿಂಚನಳ ತಾಯಿ ಚಾಮುಂಡಮ್ಮನಿಗೆ ಯಾವ ಹೊಸ ವಸ್ತುವಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದು ಗೊತ್ತಿರಲಿಲ್ಲ. ಟಿವಿ ರಿಮೋಟು ಬಂದ ಕವರಿನಲ್ಲೇ ಇತ್ತು. ಗುಂಡಿಗಳ ಜಾಗದಲ್ಲಿ ಕವರು ಬೆಳ್ಳಗಾಗಿ ಯಾವುದು ಯಾವ ಚಾನೆಲ್ಲೆಂದು ಕಾಣುತ್ತಿರಲಿಲ್ಲ. ಫ್ರಿಜ್ಜಿನ ಹಿಡಿಗೆ ಪ್ಲಾಸ್ಟಿಕ್ಕು, ಅದರ ಮೇಲೊಂದು ಬಟ್ಟೆ. ಸೋಫಾ ಬಂದು ನಾಲ್ಕು ವರ್ಷವಾದರೂ ನೆಂಟರು ಕೂತಾಗ ಚರಚರ ಅನ್ನುತ್ತಿತ್ತು. ಸಿಂಚನಳ ಮೊದಲ ಗಾಲಿಕುರ್ಚಿಯ ದಿಂಬಿನ ಪ್ಲಾಸ್ಟಿಕ್ಕನ್ನೂ ಆಕೆ ತೆಗೆಯಲು ಬಿಟ್ಟಿರಲಿಲ್ಲ. ಬೆವರಿ ಚರ್ಮ ಕೆಂಪಾದಾಗ ಡಾಕ್ಟರು ಬೈದಿದ್ದರು. ಆ ವಿಷಯದಲ್ಲಿ ಮಾತ್ರ ಚಾಮುಂಡಮ್ಮ ಸೋತಿದ್ದರು.

"ಏನಾಯ್ತು?" ಅಂತ ಕೇಳಿದರು, ಇಬ್ಬರೂ ಒಳಗೆ ಬರುತ್ತಿದ್ದಂತೆ.

"ಆಗ್ಲಿಲ್ಲ ಬುಡು ಅಮ್ಮ," ಅಂದ ಅಭಿಲಾಷ್. "ಸೀಟ್ ಅಂಚು ಎತ್ತರ ಮಾಡ್ಬುಟ್ಟವ್ರೆ. ಅಕ್ಕ ಸಿಕ್ಕಾಕೊಂಡ್ಬುಟ್ಳು."

"ನಾನ್ ಮೊದ್ಲೇ ಅಂದೆ. ನಾಲ್ಕ್ ಬಾಗ್ಲು ಕಾರ್ ಬುಟ್ಟು ಎರಡ್ ಬಾಗ್ಲುದು ತಗೊಂಡ್ರೆ ಇಂಗೇ ಆಗೋದು."

"ಬಾಗಿಲಿನ ತಪ್ಪಲ್ಲ ಕಣಮ್ಮ," ಅಂದಳು ಸಿಂಚನ. "ಸೋಮವಾರ ಹೋಗಿ ಕ್ಯಾನ್ಸಲ್ ಮಾಡ್ಬುಟ್ಟು ಬರ್ತೀನಿ. ಆ ಕೆಲ್ಸಕ್ಕೂ ಆಗಲ್ಲ ಅಂತ ಬರೀತೀನಿ."

ಚಾಮುಂಡಮ್ಮ ಹುರುಳಿಕಾಯಿ ಸೋಸುವುದನ್ನು ನಿಲ್ಲಿಸಿದರು. ಮಗಳ ಮುಖ ನೋಡಿದರು. ಸಮಾಧಾನದ ಮಾತು ಅವರಿಗೆ ಬರುತ್ತಿರಲಿಲ್ಲ. ಬಂದದ್ದು ಬೇರೆ ಪ್ರಶ್ನೆ.

"ಆ ಕಾರಿನ್ ಸೀಟಿಗೆ ಪ್ಲಾಸ್ಟಿಕ್ ಇತ್ತಾ?"

"ಅದು ಎಲ್ರೂ ಹತ್ತಿ ಇಳಿದು ನೋಡೋ ಕಾರು. ಪ್ಲಾಸ್ಟಿಕ್ ಯಾಕಿರುತ್ತೆ?"

"ನಮ್ದಕ್ಕೆ?"

"ಅಮ್ಮ, ನಮ್ದು ಅಂತ ಯಾವ್ದೂ ಇಲ್ಲ. ಕ್ಯಾನ್ಸಲ್ ಅಂದ್ನಲ್ಲ."

"ಕ್ಯಾನ್ಸಲ್ ಮಾಡೋವರ್ಗೂ ನಮ್ದೇ ಅಲ್ವಾ? ಬೆಟ್ಟಕ್ಕೋಗಿ ಪೂಜೆ ಆಗೋಕ್ ಮುಂಚೆ ಯಾರೂ ಕೈ ಹಚ್ಚಬಾರ್ದು."

ಭಾನುವಾರ ಬೆಳಿಗ್ಗೆ ಆಕೆ ಮಗಳ ಮೊಬೈಲಿನಿಂದ ನಿಶಾಂತನ ನಂಬರು ಹುಡುಕಿ ತಾವೇ ಫೋನು ಮಾಡಿದರೆಂದು ಸಿಂಚನಳಿಗೆ ತಿಳಿದದ್ದು ಅವನು ತಿರುಗಿ ಕರೆ ಮಾಡಿದಾಗ.

"ಮೇಡಂ, ನಿಮ್ಮ ಕಾರು ಯಾರ್ಡಿಗೆ ಬಂದಿದೆ. ಪ್ಲಾಸ್ಟಿಕ್ ತೆಗೆಸಿಲ್ಲ ಅಂತ ಅಮ್ಮಂಗೆ ಹೇಳ್ಬಿಡಿ. ಮೂರ್ ಸಲ ಮಾಡಿದ್ರು."

"ಕ್ಯಾನ್ಸಲ್ ಮಾಡ್ತಿದೀನಿ ಅಂತ ನಾನು ಮೆಸೇಜ್ ಹಾಕಿದ್ನಲ್ಲ ನಿಶಾಂತ್?"

"ನೋಡ್ದೆ ಮೇಡಂ. ಅಮ್ಮಂಗೂ ಹೇಳ್ದೆ. 'ಅದು ಆಮೇಲೆ ಕಣಪ್ಪ, ಮೊದ್ಲು ಪ್ಲಾಸ್ಟಿಕ್ ವಿಷ್ಯ ಹೇಳು' ಅಂದ್ರು."

*

ಸೋಮವಾರ ಹತ್ತೂವರೆಗೆ ಮೂವರೂ ಶೋರೂಮಿನ ಯಾರ್ಡಿನಲ್ಲಿದ್ದರು. ಕ್ಯಾನ್ಸಲ್ ಪತ್ರ ಸಿಂಚನಳ ಚೀಲದಲ್ಲಿತ್ತು. ಸಹಿ ಒಂದು ಬಾಕಿ. ಲಾರಿಯಿಂದ ಇಳಿದಿದ್ದ ಹದಿನೈದಿಪ್ಪತ್ತು ಕಾರುಗಳ ನಡುವೆ ಅವಳದು ಕೊನೆಯ ಸಾಲಿನಲ್ಲಿ ನಿಂತಿತ್ತು. ಕಡುನೀಲಿ. ಹಳೆಯದಕ್ಕಿಂತ ಕಿರಿದಾದ ದೀಪಗಳು, ಅಗಲವಾದ ಬಾಯಿ. ಮುಖ ಚೆನ್ನಾಗಿಯೇ ತಿದ್ದಿದ್ದಾರೆ ಅನ್ನಿಸಿತು ಅವಳಿಗೆ. ಹಾಗನ್ನಿಸಿದ್ದಕ್ಕೆ ಬೇಜಾರೂ ಆಯಿತು.

ಚಾಮುಂಡಮ್ಮ ಕಿಟಕಿಗೆ ಮುಖವಿಟ್ಟು ಒಳಗೆ ನೋಡಿದರು. ಸೀಟುಗಳೆಲ್ಲ ದಪ್ಪ ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿದ್ದವು. ಅವರಿಗೆ ಸಮಾಧಾನವಾಯಿತು.

"ಒಂದ್ ಸಲ ಕೂತ್ಕೋ."

"ಯಾಕಮ್ಮ? ಶನಿವಾರ ನೋಡಿದ್ದಾಯ್ತಲ್ಲ. ಅದೇ ಸೀಟು."

"ಅದು ಊರೋರ್ ಕಾರು, ಇದು ನಿಂದು. ಕೂತು ಬೇಡ ಅನ್ನು. ಕೂರ್ದೇ ಬೇಡ ಅನ್ಬೇಡ."

"ಅಕ್ಕ, ಕೂತ್ಬುಡು," ಅಂದ ಅಭಿಲಾಷ್. "ಇಲ್ದಿದ್ರೆ ಮಧ್ಯಾಹ್ನದವರ್ಗೂ ಇದೇ. ನಂಗೆ ಎರಡ್ ಗಂಟೆ ಪಾಳಿ ಐತೆ."

ಅಮ್ಮನ ಬಾಯಿ ಮುಚ್ಚಿಸಲೆಂದೇ ಅವಳು ಕುರ್ಚಿಯನ್ನು ಓರೆಯಾಗಿ ನಿಲ್ಲಿಸಿದಳು. ಶನಿವಾರದ ಹಾಗೆಯೇ ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ. ಸಿಕ್ಕಿಕೊಳ್ಳುತ್ತೇನೆಂದು ಮೊದಲೇ ಸಿಟ್ಟಾಗಿ, ಬೇಕಾದ್ದಕ್ಕಿಂತ ಜೋರಾಗಿ ತಳ್ಳಿದಳು.

ಪ್ಲಾಸ್ಟಿಕ್ ಚರ್ರ್ ಅಂದಿತು. ಮರುಕ್ಷಣ ಅವಳ ಎಡ ಮೊಣಕೈ ಗೇರಿನ ಪಕ್ಕದ ಡಬ್ಬಿಗೆ ಬಡಿಯಿತು. ಅವಳು ಸೀಟಿನೊಳಗಿದ್ದಳು.

ಸಿಂಚನ ಮೊಣಕೈ ಉಜ್ಜಿಕೊಂಡಳು. ಮತ್ತೆ ಕುರ್ಚಿಗೆ ಜರುಗಿ, ಮತ್ತೆ ಸೀಟಿಗೆ ಬಂದಳು. ಈ ಸಲ ಮೆಲ್ಲಗೆ ತಳ್ಳಿದಳು. ದಿಣ್ಣೆಯ ಮೇಲೆ ಮೈ ಜಾರಿ, ಆಚೆ ಇಳಿದು ಕೂತಿತು.

"ಎಂಗೆ?" ಅಂದರು ಚಾಮುಂಡಮ್ಮ. ಆ ಒಂದು ಪದದಲ್ಲಿ ರಿಮೋಟು, ಫ್ರಿಜ್ಜು, ಸೋಫಾ ಎಲ್ಲದರ ಸೇಡೂ ಇತ್ತು.

ಅಭಿಲಾಷ್ ನಕ್ಕುಬಿಟ್ಟ. "ಗೆದ್ಬುಟ್ಲು ಕಣಕ್ಕ ಅಮ್ಮ. ಇನ್ನ ಆ ಸೋಫಾ ಪ್ಲಾಸ್ಟಿಕ್ಕು ಈ ಜನ್ಮದಲ್ ತೆಗೆಯಲ್ಲ."

ಸಿಂಚನ ಅದನ್ನು ಕೇಳಿಸಿಕೊಳ್ಳಲಿಲ್ಲ. ಅವಳು ಬೇರೊಂದನ್ನು ಗಮನಿಸುತ್ತಿದ್ದಳು. ಸ್ಟಿಯರಿಂಗ್ ಹಿಡಿದು ಮೈಯನ್ನು ಬಲಕ್ಕೆ ವಾಲಿಸಿದಳು, ಎಡಕ್ಕೆ ವಾಲಿಸಿದಳು. ಮಾಧವ ಮೇಷ್ಟ್ರ ಕಾರಿನಲ್ಲಿ ಪ್ರತಿ ತಿರುವಿಗೂ ಅವಳ ಮೈ ವಾಲುತ್ತಿತ್ತು. ಕಾಲು ಊರಿ ತಡೆಯಲಾಗದ್ದರಿಂದ ಎದೆಗೆ ಬೇರೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಇಲ್ಲಿ ಎರಡು ಕಡೆಯ ದಿಣ್ಣೆಗಳು ಸೊಂಟವನ್ನು ಹಿಡಿದುಕೊಂಡಿದ್ದವು. ಹತ್ತಲು ಅಡ್ಡವಾಗಿದ್ದ ನಾಲ್ಕು ಸೆಂಟಿಮೀಟರ್ ಕೂತ ಮೇಲೆ ಆಸರೆಯಾಗಿತ್ತು. ಈ ಸೀಟು ಹಳೆಯದಕ್ಕಿಂತ ಒಳ್ಳೆಯದು. ಅದನ್ನು ತನಗೇ ಒಪ್ಪಿಸಲು ಅವಳು ಇನ್ನೊಮ್ಮೆ ಬಲಕ್ಕೆ ವಾಲಿದಳು. ಈ ಸಲ ಇಡೀ ಮೈ ಪ್ಲಾಸ್ಟಿಕ್ಕಿನ ಮೇಲೆ ಮುಂದಕ್ಕೆ ಜಾರಿತು.

"ಪ್ಲಾಸ್ಟಿಕ್ ಇರೋ ಹಾಗಿಲ್ಲ," ಅಂದಳು.

"ಏನಂದೆ?" ಅಂದರು ಚಾಮುಂಡಮ್ಮ.

"ಹತ್ತೋವಾಗ ಜಾರ್ಬೇಕು, ಓಡಿಸೋವಾಗ ಜಾರ್ಬಾರ್ದಮ್ಮ. ಬ್ರೇಕ್ ಹಾಕಿದ್ರೆ ಸೀದಾ ಕೆಳಗೆ ಹೋಗ್ತೀನಿ."

ನಿಶಾಂತ್ ಸೀಟಿನ ಬೆನ್ನಿನ ಪಕ್ಕದಲ್ಲಿ ಹೊಲಿದಿದ್ದ ಸಣ್ಣ ಪಟ್ಟಿಯನ್ನು ತೋರಿಸಿದ. "ಇದೂ ಒಂದು ಇದೆ ಮೇಡಂ. ಸೈಡ್ ಏರ್‌ಬ್ಯಾಗ್ ಇಲ್ಲಿಂದಾನೇ ಬಿಚ್ಕೊಳ್ಳೋದು. ಮೇಲೆ ಕವರ್ ಇರಬಾರ್ದು ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. ಡೆಲಿವರಿಗೆ ಮುಂಚೆ ಎಲ್ಲಾ ತೆಗೀಲೇಬೇಕು."

ಚಾಮುಂಡಮ್ಮ ಅವನನ್ನು ನೋಡಿದ ನೋಟಕ್ಕೆ ಅವನು ಮ್ಯಾನ್ಯುಯಲ್ ಎದೆಗೆ ಹಿಡಿದುಕೊಂಡ. ಆಮೇಲೆ ಮಗಳನ್ನು ಕೇಳಿದರು: "ಹತ್ತೋವಾಗ ಮಾತ್ರ ಬೇಕು ಅಂತೀಯ. ಹತ್ತಿದ್ ಮೇಲೆ ಎಳೆದ್ಬುಟ್ರೆ?"

ಸಿಂಚನ ಗಡಿಯಾರ ನೋಡಿದಳು. ಹನ್ನೊಂದು ಇಪ್ಪತ್ತು.

*

ಚಾಮರಾಜಪುರಂನಲ್ಲಿ ಮಹದೇವಯ್ಯನವರ ಸೀಟ್ ಕವರ್ ಅಂಗಡಿ ಇತ್ತು. ಮೂವತ್ತು ವರ್ಷದಿಂದ ಆಟೋ ಸೀಟು, ಸ್ಕೂಟರ್ ಸೀಟು, ಬೈಕಿಗೆ ಮಳೆ ಕವರ್ ಹೊಲಿಯುತ್ತಿದ್ದರು. ಸಿಂಚನಳ ಗಾಲಿಕುರ್ಚಿಯ ಈಗಿನ ಬೆನ್ನುಬಟ್ಟೆಯೂ ಅವರದೇ ಕೈಕೆಲಸ.

ಅಮ್ಮ ಯಾರ್ಡಿನಲ್ಲಿ ಕತ್ತರಿಸಿ ತಂದಿದ್ದ ಪ್ಲಾಸ್ಟಿಕ್ ತುಂಡನ್ನು ಮಹದೇವಯ್ಯ ಬೆರಳಲ್ಲಿ ಉಜ್ಜಿ ನೋಡಿ ಪಕ್ಕಕ್ಕಿಟ್ಟರು.

"ಇದಾಗಲ್ಲ ಕಣವ್ವ. ಇವತ್ತು ತಂಪೈತೆ, ಜಾರ್ತು. ಬಿಸ್ಲಲ್ಲಿ ಕಾರ್ ನಿಲ್ಸಿದ್ರೆ ಇದು ಬಟ್ಟೇಗೆ ಅಂಟ್ಕತದೆ. ಆಮೇಲೆ ಕೂತ್ಮೇಲೆ ಎಳೀಬೇಕಲ್ಲ? ನಿನ್ ಭಾರಕ್ಕೆ ಬರಲ್ಲ, ಅರಿದೋಯ್ತದೆ."

"ಮತ್ತೇನ್ ಮಾಡೋದು?" ಅಂದರು ಚಾಮುಂಡಮ್ಮ, ತಮ್ಮ ಪ್ಲಾಸ್ಟಿಕ್ಕಿಗೆ ಅವಮಾನವಾದ ದನಿಯಲ್ಲಿ.

"ಅಳತೆ ಏಳಿ."

ಸಿಂಚನ ನೋಟ್‌ಬುಕ್ ತೆರೆದು ಓದಿದಳು: ನೆಲದಿಂದ ಸೀಟು, ಸೀಟಿನಿಂದ ದಿಣ್ಣೆ, ದಿಣ್ಣೆಯ ಅಗಲ, ಕುರ್ಚಿಗೂ ಸೀಟಿಗೂ ನಡುವಿನ ಸಂದಿ. ಮಹದೇವಯ್ಯ ಬೆಂಚಿನ ಮೇಲೆ ಎರಡು ಹಳೆಯ ಸ್ಕೂಟರ್ ಸೀಟು ಒಂದರ ಮೇಲೊಂದು ಇಟ್ಟು, ಅಂಚಿಗೆ ಸುತ್ತಿದ ಗೋಣಿ ಸಿಕ್ಕಿಸಿ, ಟೇಪು ಹಿಡಿದು, ಇನ್ನೊಂದು ಸುತ್ತು ಸುತ್ತಿದರು. ಯಾರ್ಡಿನ ಕಾರು ಅಂಗಡಿಯೊಳಗೆ ಬಂದು ಕೂತಂತಾಯಿತು.

ಅವರು ಬೈಕ್ ಕವರಿನ ಬೆಳ್ಳಿ ಬಣ್ಣದ ನೈಲಾನ್ ಬಟ್ಟೆ ಎಳೆದರು. "ಒಂದ್ ಪದರ ಸೀಟ್ ಮೇಲೆ ಜಾರಾದು ಬ್ಯಾರೆ, ಎರಡ್ ಪದರ ಒಂದರೊಳಗೊಂದು ಜಾರಾದು ಬ್ಯಾರೆ," ಅನ್ನುತ್ತಾ ನುಣುಪು ಮೈ ಒಳಗಾಗುವಂತೆ ಮಡಚಿ, ಎರಡು ಅಂಚು ಕೂಡಿಸಿ ಹೊಲಿದರು. ತಳವಿಲ್ಲದ ಚೀಲದಂತಾಯಿತು. ಕೆಳಗಿನ ಪದರ ಸೀಟು ಹಿಡಿದು ನಿಲ್ಲಬೇಕು, ಮೇಲಿನದು ಅವಳನ್ನು ಹೊತ್ತು ಉರುಳಬೇಕು.

ಮೊದಲನೆಯದು ಸೋತಿತು. ಸಿಂಚನ ತಳ್ಳಿದ ಕೂಡಲೇ ಚೀಲವೇ ಸೀಟಿನಿಂದ ಜಾರಿ, ಅಭಿಲಾಷ್ ಹಿಡಿದುಕೊಳ್ಳದಿದ್ದರೆ ಅವಳು ನೆಲಕ್ಕೆ ಬೀಳುತ್ತಿದ್ದಳು. ಚಾಮುಂಡಮ್ಮ "ತಾಯೀ" ಅಂದರು.

ಮಹದೇವಯ್ಯನವರಿಗೆ ಮುಖಭಂಗವೇನೂ ಆಗಲಿಲ್ಲ. "ಒರಗಡೆಯೂ ನುಣ್ಣಗೈತೆ, ಅದ್ಕೆ," ಅಂದು, ಕೆಳಪದರದ ಹೊರಮೈಗೆ ಒರಟು ಕ್ಯಾನ್ವಾಸಿನ ತುಂಡು ಕೂರಿಸಿದರು. ಎಳೆದುಕೊಳ್ಳಲು ಮುಂತುದಿಗೊಂದು ಹಿಡಿಪಟ್ಟಿ. ಎರಡನೆಯದಕ್ಕೆ ಸಿಂಚನ ದಿಣ್ಣೆ ದಾಟಿದಳು. ಆದರೆ ಕೂತ ಮೇಲೆ ಎಳೆದರೆ ಕ್ಯಾನ್ವಾಸು ಬರಲಿಲ್ಲ. ಮಹದೇವಯ್ಯ ಬಿಚ್ಚಿ, ತುಂಡನ್ನು ಅರ್ಧಕ್ಕೆ ಕತ್ತರಿಸಿ, ದಿಣ್ಣೆಯ ಮೇಲೆ ಬರುವ ಜಾಗಕ್ಕೆ ಮಾತ್ರ ಹಾಕಿದರು. ಊಟಕ್ಕೆ ಏಳಲಿಲ್ಲ. ಅಭಿಲಾಷ್ ಕಾರ್ಖಾನೆಗೆ ಫೋನು ಮಾಡಿ ಅರ್ಧ ದಿನ ರಜೆ ಹೇಳಿದ. ಎರಡೂಮುಕ್ಕಾಲಿಗೆ ಸಿಂಚನ ದಿಣ್ಣೆ ದಾಟಿ ಕೂತು, ಎಡಕ್ಕೆ ವಾಲಿ, ಪಟ್ಟಿ ಎಳೆದಳು. ಚೀಲ ಸುಳ್ಳು ಹೇಳಿ ಓಡುವವನಂತೆ ಸರ್ರನೆ ಹೊರಗೆ ಬಂತು.

"ಇನ್ನೊಂದ್ ಸಲ," ಅಂದರು ಮಹದೇವಯ್ಯ. ಅವಳು ಐದು ಸಲ ಮಾಡಿದಳು.

*

ಯಾರ್ಡಿನಲ್ಲಿ ನಿಶಾಂತ್ ಅಷ್ಟರಲ್ಲಿ ಚಾಲಕನ ಸೀಟಿನ ಪ್ಲಾಸ್ಟಿಕ್ ತೆಗೆಸಿದ್ದ. ಮಖಮಲ್ಲಿನಂಥ ಕಪ್ಪು ಬಟ್ಟೆ ಬಿಸಿಲಿಗೆ ಮಿನುಗುತ್ತಿತ್ತು. ಗಂಟೆ ನಾಲ್ಕು ಹತ್ತು.

"ಅಭಿ, ಕೈ ಜೇಬಿಗೆ ಹಾಕ್ಕೋ," ಅಂದಳು ಸಿಂಚನ.

"ಬಿದ್ರೆ?"

"ಬಿದ್ಮೇಲೆ ತೆಗಿ."

ಅವನು ಜೇಬಿಗೆ ಕೈ ಹಾಕಿಕೊಂಡ. ಎಂಟು ವರ್ಷದಲ್ಲಿ ಅಕ್ಕನ ಹತ್ತಿರ ಹಾಗೆ ನಿಂತದ್ದು ಅದೇ ಮೊದಲು. ಎಲ್ಲಿ ನೋಡಬೇಕೆಂದು ತಿಳಿಯದೆ ಟೈರು ನೋಡುತ್ತಾ ನಿಂತ.

ಅವಳು ಚೀಲವನ್ನು ದಿಣ್ಣೆಯ ಮೇಲೆ ಹಾಸಿ, ಕ್ಯಾನ್ವಾಸನ್ನು ಅಂಗೈಯಿಂದ ಒತ್ತಿದಳು. ಕೈ ಅಲ್ಲಿ, ಕೈ ಇಲ್ಲಿ. ಒಂದೇ ತೂಗು. ಒಳಗೆ ಬಂದಳು. ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟುಕೊಂಡಳು. ಪಟ್ಟಿ ಎಳೆದು, ಚೀಲ ಮಡಚಿ, ಬಾಗಿಲಿನ ಜೇಬಿಗೆ ಸಿಕ್ಕಿಸಿದಳು. ಸೀಟನ್ನು ಮುಂದಕ್ಕೆ ಸರಿಸಿಕೊಂಡಳು. ಕುರ್ಚಿಯನ್ನು ಮಡಚಿ, ಮುಂದಿನ ಗಾಲಿಗಳನ್ನು ಹೊಸ್ತಿಲಿಗೆ ಏರಿಸಿ, ಆ ನೂರ ಮೂವತ್ತೆರಡು ಸೆಂಟಿಮೀಟರ್ ಬಾಗಿಲಿನ ಹಿಂದಿನ ಸಂದಿಯಿಂದ ಎಳೆದಳು. ಮಧ್ಯದಲ್ಲಿ ಒಮ್ಮೆ ಗಾಲಿ ಬೆಲ್ಟಿಗೆ ಸಿಕ್ಕಿತು. ಅಭಿಲಾಷನ ಮೊಣಕೈ ಅಲುಗಿತು. ಅವಳು ಗಾಲಿ ತಿರುಗಿಸಿ ಬಿಡಿಸಿಕೊಂಡು ಮತ್ತೆ ಎಳೆದಳು. ಕುರ್ಚಿ ಒಳಗೆ ಬಿತ್ತು. ಬಾಗಿಲು ಮುಚ್ಚಿತು.

ನಿಶಾಂತ್ ಮೊಬೈಲಿನಲ್ಲಿ ಸಮಯ ಹಿಡಿದಿದ್ದ. "ಐದು ನಿಮಿಷ ನಲವತ್ತು ಸೆಕೆಂಡ್ ಮೇಡಂ!"

ಅವಳು ಕಿಟಕಿ ಇಳಿಸಿದಳು. "ಎರಡು ನಿಮಿಷಕ್ಕೆ ತರ್ಬಹುದು," ಅಂದಳು. ತೋಳು ಉರಿಯುತ್ತಿತ್ತು. ತನ್ನ ಕೈಚೀಲದಿಂದ ಕ್ಯಾನ್ಸಲ್ ಪತ್ರ ತೆಗೆದು ಕಿಟಕಿಯಿಂದ ಅವನಿಗೆ ಕೊಟ್ಟಳು. "ಇದರ ಹಿಂದೆ ಬರ್ಕೊಳ್ಳಿ, ಡೆಲಿವರಿಗೆ ಮುಂಚೆ ಏನೇನು ಆಗ್ಬೇಕು ಅಂತ. ಮೊದಲನೇದು, ಮುಂದಿನ ಸೀಟುಗಳ ಪ್ಲಾಸ್ಟಿಕ್ ಪೂರ್ತಿ ತೆಗೀಬೇಕು."

"ಹಿಂದಿನ್ ಸೀಟಿಂದು?" ಚಾಮುಂಡಮ್ಮ ಮುಂದೆ ಬಂದರು. "ಅಲ್ಲೂ ಏರ್ ಬ್ಯಾಗು ಗೀರ್ ಬ್ಯಾಗು ಐತೇನಪ್ಪ?"

ನಿಶಾಂತ್ ಮ್ಯಾನ್ಯುಯಲ್ ತಿರುವಿ ನೋಡಿದ. "ಹಿಂದಿನ ಸೀಟಲ್ಲಿ ಇಲ್ಲಮ್ಮ. ಅಲ್ಲಿಯದು ಚಾವಣಿಯಿಂದ ಇಳಿಯೋದು."

ಸಿಂಚನ ತಿರುಗಿ ನೋಡಿದಳು. ಯಾರ್ಡಿನ ಕೆಮ್ಮಣ್ಣು ಮೆತ್ತಿದ್ದ ಗಾಲಿಯೊಂದು ಹಿಂದಿನ ಸೀಟಿಗೆ ಒರಗಿಕೊಂಡಿತ್ತು. ಪ್ಲಾಸ್ಟಿಕ್ಕಿನ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಬಿದ್ದಿತ್ತು. ಕೆಳಗಿನ ಬಟ್ಟೆ ಹೊಸದಾಗಿಯೇ ಇತ್ತು.

"ಹಿಂದಿನದು ಇರ್ಲಿ," ಅಂದಳು.

"ಇರ್ಲಿ ಅಂತ ಬರ್ಕೋ," ಅಂದರು ಚಾಮುಂಡಮ್ಮ, ನಿಶಾಂತನ ಕೈಲಿದ್ದ ಪತ್ರಕ್ಕೆ ಬೆರಳು ತೋರಿಸಿ. "ಕಾರ್‌ನ ಶುಕ್ರವಾರ ಕೊಡಿ. ಬೆಟ್ಟಕ್ಕೋಗೋಕೆ ಸರಿಯಾಗ್ತದೆ."

"ಮೊದಲನೇ ಸಲ ಬೆಟ್ಟಕ್ಕೆ ಅಭಿನೇ ಓಡಿಸ್ಬೇಕಮ್ಮ. ಕೈ ಸಲಕರಣೆ ಹಾಕೋಕೆ ಮೂರು ವಾರ ಆಗುತ್ತೆ."

"ಆಗ್ಲಿ. ಆಮೇಲೆ ಇನ್ನೊಂದ್ ಸಲ ಹೋಗಾಣ. ಆವತ್ತು ಇವನು ಹಿಂದೆ ಕೂರ್ಲಿ."

"ಪ್ಲಾಸ್ಟಿಕ್ ಮೇಲಾ?" ಅಂದ ಅಭಿಲಾಷ್. ಅವನ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು. "ತಿರುವಲ್ಲಿ ನಾನು ಆ ಕಡೆಯಿಂದ ಈ ಕಡೆಗೆ ಜಾರ್ತಿರ್ತೀನಿ, ನೀವಿಬ್ರೂ ನಗ್ತಿರ್ತೀರ."

ಸಿಂಚನ ಮೊಬೈಲು ತೆಗೆದಳು. ನಾಲ್ಕು ಮೂವತ್ತೊಂದು. ಕಾರಿನಿಂದ ಇಳಿದು ನಿಧಾನವಾಗಿ ಬರೆಯಬಹುದಿತ್ತು, ಸಮಯವಿತ್ತು. ಆದರೆ ಅವಳು ಅಲ್ಲೇ, ದಿಣ್ಣೆಗಳ ನಡುವೆ ಕೂತು, ಯೋಜನೆಯ ಸಂಯೋಜಕಿ ಪದ್ಮಾವತಿಯವರಿಗೆ ಮೇಲ್ ಬರೆದಳು. ಕೆಲಸವನ್ನು ಒಪ್ಪಿಕೊಂಡಿದ್ದೇನೆ. ಓಡಾಟಕ್ಕೆ ಸ್ವಂತ ಕಾರಿದೆ, ನಾನೇ ಓಡಿಸುತ್ತೇನೆ. 'ಕಾರಿದೆ' ಎಂಬುದು ಇನ್ನೂ ಪೂರ್ತಿ ನಿಜವಲ್ಲವೆಂದು ನೆನಪಾಗಿ, ಅದನ್ನು ಅಳಿಸಿ 'ಸೇರುವ ದಿನಕ್ಕೆ ಸ್ವಂತ ಕಾರು ಸಿದ್ಧವಿರುತ್ತದೆ' ಎಂದು ತಿದ್ದಿದಳು. ಇನ್ನೊಮ್ಮೆ ಓದಿ ಕಳಿಸಿದಳು.

ಆಮೇಲೆ ಬಾಗಿಲು ತೆರೆದು, ಕುರ್ಚಿಯನ್ನು ಹೊರಗೆ ತಳ್ಳಿ, ಇಳಿಯುವುದಕ್ಕೆ ಎಷ್ಟು ಹೊತ್ತಾಗುತ್ತದೆಂದು ನೋಡಲು ನಿಶಾಂತನಿಗೆ ಹೇಳಿದಳು.